ಕುರ್ಚಿ ಬಿಟ್ಟು ಇಳಿಯಮ್ಮಾ

ನಮ್ಮ ಸಮಾಜ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನನಗೆ ನೆನಪಾದದ್ದು ಶಾಲೆಯ ಗಂಟೆ ಹೊಡೆಯುವ ಮರದ ಕೊಡತಿ.

1975. ನಾನು ಒಂಬತ್ತನೇ ತರಗತಿ. ಆಗ ವಿಧಾನಸಭೆಯ ಸಭಾಧ್ಯಕ್ಷೆ ನಮ್ಮ ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮನವರು. 1957ರಲ್ಲಿ ಪಕ್ಷೇತರರಾಗಿ ಗೆದ್ದವರು, 1972ರಲ್ಲಿ ಆ ಕುರ್ಚಿ ಏರಿದ್ದರು. ಮೇಷ್ಟ್ರಿಗೆ ಅದು ಸ್ವಂತ ಮನೆಯ ಸಂಭ್ರಮ. "ಮೈಸೂರು ರಾಜ್ಯ ಕರ್ನಾಟಕ ಆದಾಗ ಸಭಾಧ್ಯಕ್ಷರು ಯಾರ್ರೋ? ನಮ್ಮೂರಮ್ಮ!" ಅನ್ನುತ್ತಿದ್ದರು. ಶನಿವಾರ ನಮ್ಮಿಂದ ಅಣಕು ವಿಧಾನಸಭೆ ಮಾಡಿಸುತ್ತಿದ್ದರು. ಸಭಾಧ್ಯಕ್ಷೆ ಹುಡುಗಿಯೇ ಆಗಬೇಕು ಅಂತ ಅವರ ಹಟ. ಇಡೀ ಶಾಲೆಯಲ್ಲಿ ನನ್ನ ದನಿಯೇ ಗಟ್ಟಿ, ನನ್ನನ್ನೇ ಕೂರಿಸಿದರು.

ಮೇಜು ಕುಟ್ಟಲು ಏನಾದರೂ ಬೇಕಲ್ವಾ? ಶುಕ್ರವಾರ ಸಂಜೆ ಗೆಳತಿಯೂ ನಾನೂ ಕೊಡತಿಯನ್ನು ಲಂಗದಲ್ಲಿ ಸುತ್ತಿ ಮನೆಗೆ ಒಯ್ದೆವು. ಮಾರನೇ ದಿನ ಜವಾನ ಕಲ್ಲಿನಿಂದ ಗಂಟೆ ಬಾರಿಸಿದ. ಸಭೆಯಲ್ಲಿ ನಾನು ಕೊಡತಿ ಎತ್ತಿ ಕುಟ್ಟಿದ್ದೇ ತಡ, ವಿರೋಧ ಪಕ್ಷದ ಹುಡುಗನೊಬ್ಬ ಎದ್ದ. "ಸಭಾಧ್ಯಕ್ಷರೇ ಕಳ್ಳಿ!" ನಾನು "ಕೂತ್ಕೊಳ್ಳಿ" ಅಂತ ಕಿರುಚಿದೆ.

ಮೇಷ್ಟ್ರು ಹಿಂದಿನ ಬೆಂಚಿನಿಂದ ಎದ್ದು ಬಂದರು. "ದೂರು ನಿನ್ನ ಮೇಲೆ. ನೀನೇ ಹೇಗೆ ತೀರ್ಮಾನ ಹೇಳ್ತೀಯ? ಕುರ್ಚಿ ಬಿಟ್ಟು ಇಳಿಯಮ್ಮಾ." ಉಪ ಸಭಾಧ್ಯಕ್ಷನನ್ನು ಕೂರಿಸಿದರು. ಸಭಾಧ್ಯಕ್ಷರನ್ನು ತೆಗೆಯುವ ನಿರ್ಣಯ ಚರ್ಚೆಗೆ ಬಂದರೆ ವಿಧಾನಸೌಧದಲ್ಲೂ ಹೀಗೇ, ಕೆಳಗೆ ಕೂತು ಮಾತಾಡಬಹುದು, ಮತವನ್ನೂ ಹಾಕಬಹುದು ಅಂದರು. ನಾನು ಕೆಳಗೆ ಕೂತೆ. ಎದ್ದು ತಪ್ಪು ಒಪ್ಪಿಕೊಂಡೆ. ನನ್ನ ವಿರುದ್ಧ ನಾನೇ ಕೈ ಎತ್ತಿದೆ. ಏಟು ಬೀಳಲಿಲ್ಲ. ಒಂದು ವಾರ ಗಂಟೆ ಹೊಡೆಯುವ ಕೆಲಸ ಬಿತ್ತು.

ಆ ವರ್ಷದ ಪಾಠ ಒಂದೂ ನೆನಪಿಲ್ಲ. ಆದರೆ ಮುಂದೆ ನಮ್ಮೂರ ಹಾಲಿನ ಸಂಘಕ್ಕೆ ಅಧ್ಯಕ್ಷೆಯಾಗಿದ್ದಾಗ, ನನ್ನ ತಮ್ಮನ ಹಾಲಿನ ತಕರಾರು ಬಂದ ದಿನ ಯಾರೂ ಕೇಳದೆ ಕುರ್ಚಿ ಬಿಟ್ಟೆ. ಸಂಘದಲ್ಲಿ ಅದನ್ನು ಈಗಲೂ ನೆನೆಯುತ್ತಾರೆ.

ನನ್ನ ಮೊಮ್ಮಗಳು ವಿಧಾನಸಭೆಯ ಪಾಠವನ್ನು ನೋಟ್ಸ್ ನೋಡಿ ಬಾಯಿಪಾಠ ಮಾಡುತ್ತಾಳೆ. ಅಂಕ ಜಾಸ್ತಿ ಬರುತ್ತೆ, ನಿಜ. ಆದರೆ ಏಳು ಸಲ ಗೆದ್ದ ನಾಗರತ್ನಮ್ಮನವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವರು 1993ರಲ್ಲಿ ತೀರಿಕೊಂಡರು. ಅವರಾದ ಮೇಲೆ ಇನ್ನೊಬ್ಬ ಹೆಂಗಸು ನಮ್ಮ ವಿಧಾನಸಭೆಗೆ ಸಭಾಧ್ಯಕ್ಷೆ ಆಗಿಲ್ಲ.

ಶಾಲೆಯ ಹಜಾರದಲ್ಲಿ ಅವರದೊಂದು ಫೋಟೊ ಹಾಕಿ, ಪಕ್ಕದಲ್ಲಿ ನಮ್ಮ ಮೇಷ್ಟ್ರದೂ ಇರಲಿ. ಖರ್ಚು ನನ್ನದು. ಶನಿವಾರದ ಸಭೆ ಮತ್ತೆ ಶುರು ಮಾಡುವುದಾದರೆ ಹೊಸ ಕೊಡತಿಯನ್ನೂ ನಾನೇ ಮಾಡಿಸಿ ಕೊಡುತ್ತೇನೆ.