ಶಿರಸಿಯ ಮಳೆಗಾಲದಲ್ಲಿ ಪಿಸಿಬಿ ತಯಾರಿಕೆ

ಅಡಿಕೆ ಡ್ರೈಯರ್‌ನ ಉಷ್ಣತೆಯನ್ನು ನೋಡಿಕೊಳ್ಳುವ ಸರ್ಕ್ಯೂಟೊಂದನ್ನು ಕೊನೆಕೊಯ್ಲಿಗೆ ಮೊದಲೇ ಸಿದ್ಧಮಾಡಿಡಬೇಕೆಂದು ಕಳೆದ ಆಷಾಢದಲ್ಲಿ ಕೆಲಸಕ್ಕೆ ಕುಳಿತೆ. ಅದಕ್ಕೆ ಬೇಕಾದ ಪಿಸಿಬಿಯನ್ನು, ಅಂದರೆ ತಂತಿಗಳ ಬದಲು ತಾಮ್ರದ ಗೆರೆಗಳಿರುವ ಬೋರ್ಡನ್ನು, ಮನೆಯಲ್ಲಿ ಮಾಡುವಾಗ ತಾಮ್ರ ಹೊದಿಸಿದ ಹಲಗೆಯ ಮೇಲೆ ಉಳಿಯಬೇಕಾದ ಗೆರೆಗಳನ್ನು ಮುಚ್ಚಿ, ಮಿಕ್ಕ ತಾಮ್ರವನ್ನು ಕರಗಿಸಬೇಕು. ಬೇಸಿಗೆಯಲ್ಲಿ ಮೊದಲ ಪ್ರಯತ್ನಕ್ಕೇ ಒದಗುತ್ತಿದ್ದ ಟೋನರ್ ವಿಧಾನ ಈ ಸಲ ಮೂರು ಬಾರಿ ಕೈಕೊಟ್ಟಿತು. ಗೆರೆಗಳನ್ನು ಮುಚ್ಚುವ ಟೋನರ್ ಮತ್ತು ಡ್ರೈ ಫಿಲ್ಮ್ ಎಂಬ ಎರಡು ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಗತ್ಯ ನನಗೆ ಬಂದದ್ದು ಹೀಗೆ.

ಟೋನರ್ ಎಂದರೆ ಬಿಸಿಗೆ ಕರಗುವ ಪ್ಲಾಸ್ಟಿಕ್ ಪುಡಿ. ಲೇಸರ್ ಪ್ರಿಂಟರಿನಲ್ಲಿ ನಯವಾದ ಕಾಗದದ ಮೇಲೆ ವಿನ್ಯಾಸವನ್ನು ಕನ್ನಡಿಬಿಂಬವಾಗಿ ಮುದ್ರಿಸಿ, ತಾಮ್ರದ ಮೇಲೆ ಮಗುಚಿಟ್ಟು ಇಸ್ತ್ರಿ ಒತ್ತಿದರೆ ಆ ಪುಡಿ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಇಂಕ್‌ಜೆಟ್ ಮುದ್ರಣ ಇದಕ್ಕೆ ಒದಗುವುದಿಲ್ಲ. ಆದರೆ ಕಾಗದ ತೇವವನ್ನು ಹೀರಿಕೊಂಡಿದ್ದರೆ ಇಸ್ತ್ರಿಯ ಬಿಸಿಗೆ ಆವಿಯೆದ್ದು ಗೆರೆಗಳು ಅಲ್ಲಲ್ಲಿ ಬಿಟ್ಟುಕೊಳ್ಳುತ್ತವೆ, ಉಜ್ಜಿ ಬೆಳಗಿಸಿದ ತಾಮ್ರವೂ ನಮ್ಮ ಹವೆಯಲ್ಲಿ ಬೇಗನೆ ಮಂಕಾಗುತ್ತದೆ. ಅರ್ಧ ಮಿಲಿಮೀಟರಿಗಿಂತ ದಪ್ಪ ಗೆರೆಗಳಿರುವ ಬೋರ್ಡಿಗೆ, ಒಣ ದಿನಗಳಲ್ಲಿ, ಇದಕ್ಕಿಂತ ಸುಲಭದ ದಾರಿಯನ್ನು ನಾನು ಕಂಡಿಲ್ಲ.

ಕೊನೆಗೆ ಡ್ರೈ ಫಿಲ್ಮ್ ಹಿಡಿದೆ. ಬೆಳಕಿಗೆ ಸ್ಪಂದಿಸುವ ಈ ತೆಳುಹಾಳೆಯನ್ನು ಗಾಳಿಗುಳ್ಳೆ ಸೇರದಂತೆ ತಾಮ್ರಕ್ಕೆ ಬಿಸಿಯಾಗಿ ಅಂಟಿಸಿ, ಪಾರದರ್ಶಕ ಹಾಳೆಯಲ್ಲಿ ಗೆರೆಗಳು ಮಾತ್ರ ತಿಳಿಯಾಗಿ ಮಿಕ್ಕದ್ದು ಕಪ್ಪಾಗಿರುವ ನೆಗೆಟಿವ್ ಮುದ್ರಿಸಿ, ಮುದ್ರಿತ ಮುಖವೇ ಫಿಲ್ಮಿಗೆ ತಾಗುವಂತೆ ಇಟ್ಟು ಮೇಲೊಂದು ಗಾಜನ್ನು ಹೇರಿ ನೇರಳಾತೀತ ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಉಳಿದದ್ದು ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಹೋಗುತ್ತದೆ. ಎಷ್ಟು ಹೊತ್ತು ಬೆಳಕು ಕೊಡಬೇಕೆಂಬುದು ದೀಪದಿಂದ ದೀಪಕ್ಕೆ ಬೇರೆಯಾಗುವುದರಿಂದ, ಬೋರ್ಡಿನ ತುಂಡೊಂದನ್ನು ಕಪ್ಪು ಕಾಗದದಿಂದ ಮುಚ್ಚಿ ಸ್ವಲ್ಪಸ್ವಲ್ಪವೇ ಸರಿಸುತ್ತ ಅಳತೆ ಕಂಡುಕೊಂಡೆ. ಆ ಒಂದು ಸಂಜೆಯ ಶ್ರಮದ ನಂತರ 0.2 ಮಿಲಿಮೀಟರಿನ ಗೆರೆಗಳೂ ತುಂಡಾಗದೆ ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಆದ ಸಂತೋಷ ದೊಡ್ಡದು. ಮಳೆಗಾಲಕ್ಕೂ ಸಣ್ಣ ಕಾಲುಗಳ ಐಸಿ ಚಿಪ್‌ಗಳಿಗೂ ನನ್ನ ಆಯ್ಕೆ ಇದೇ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಬೇಡದ ತಾಮ್ರವನ್ನು ಕೆತ್ತುವುದಕ್ಕೆ ರಾಸಾಯನಿಕ ಬೇಡ, ನಿಜ. ಆದರೆ ಬೋರ್ಡಿನಿಂದ ಏಳುವ ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕೂಡುಕುಟುಂಬದ ಮನೆಯೊಳಗೆ ಅದನ್ನು ಎಬ್ಬಿಸಲು ನನಗೆ ಮನಸ್ಸಿಲ್ಲ.

ಟೋನರ್ ಆಗಲಿ ಫಿಲ್ಮ್ ಆಗಲಿ, ಮುಂದಿನ ಹಂತ ಒಂದೇ: ಸಾಮಾನ್ಯ ಬೋರ್ಡಿನ ಮೇಲಿರುವ 35 ಮೈಕ್ರಾನ್ ತಾಮ್ರದಲ್ಲಿ ಬೇಡದ್ದನ್ನು ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕದ ದ್ರಾವಣ ಕರಗಿಸುತ್ತದೆ. ಸ್ಟೀಲ್ ಪಾತ್ರೆಯನ್ನೂ ಅದು ತಿನ್ನುವುದರಿಂದ ಪ್ಲಾಸ್ಟಿಕ್ ತಟ್ಟೆಯೇ ಬೇಕು, ಕೈಗವಸು ಮತ್ತು ಕನ್ನಡಕವೂ ಬೇಕು. ಬಳಸಿದ ದ್ರಾವಣವನ್ನು ತೋಟದ ಅಂಚಿಗೆ ಚೆಲ್ಲಿದರೇನು ಎಂದು ಚಿಕ್ಕಪ್ಪ ಕೇಳಿದರು. ಕೊಳೆರೋಗಕ್ಕೆಂದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ವರ್ಷವರ್ಷವೂ ಹೊಡೆಯುವ ನಮ್ಮ ತೋಟಗಳ ಮಣ್ಣಿಗೆ ತಾಮ್ರ ಈಗಾಗಲೇ ಸಾಕಷ್ಟು ಸೇರುತ್ತಿದೆ. ಅದು ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನಲ್ಲೇ ಉಳಿಯುತ್ತದೆ, ನೀರಿಗಿಳಿದರೆ ಮೀನಿಗೂ ವಿಷ ಎಂದು ಅವರಿಗೆ ವಿವರಿಸಿದೆ. ಈಗ ದ್ರಾವಣಕ್ಕೆ ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ನೊರೆಯೇಳುವುದು ನಿಂತ ಮೇಲೆ ಗಸಿಯನ್ನೂ ನೀರನ್ನೂ ಡಬ್ಬಿಗೆ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಲೆಂದು ಮಕ್ಕಳ ಕೈಗೆಟುಕದ ಅಟ್ಟದಲ್ಲಿ ಇಡುತ್ತಿದ್ದೇನೆ.