ಕೂಡದ ಮೂಳೆಗೆ ನನ್ನದೇ ಮಜ್ಜೆ

ಮೂಳೆ ಮುರಿದರೆ ಕೆಲವು ವಾರ ಪಟ್ಟಿ, ಆಮೇಲೆ ಎಲ್ಲ ಸರಿ ಅಂದುಕೊಂಡಿರುತ್ತೇವೆ ಅಲ್ವಾ? ನನ್ನ ಮೊಣಕಾಲ ಕೆಳಗಿನ ಮೂಳೆ ಹಾಗೆ ಮಾಡಲಿಲ್ಲ. ಬೈಕ್ ಅಪಘಾತದಲ್ಲಿ ಪಾದಕ್ಕೆ ಹತ್ತಿರ ಮುರಿದಿತ್ತು. ಒಳಗೆ ರಾಡ್ ಹಾಕಿದರು. ಗಾಯ ಒಣಗಿತು, ಹೊಲಿಗೆ ಬಿಚ್ಚಿದರು. ಮೂಳೆ ಮಾತ್ರ ಕೂಡಲಿಲ್ಲ. ಪ್ರತಿ ಎಕ್ಸ್‌ರೇಯಲ್ಲೂ ಅದೇ ಕಪ್ಪು ಗೆರೆ. ಪೆಟ್ಟಾಗಿ 9 ತಿಂಗಳು ಕಳೆದು, ಅದರಲ್ಲೂ ಕೊನೆಯ 3 ತಿಂಗಳು ಕೂಡುವ ಲಕ್ಷಣವೇ ಕಾಣದಿದ್ದರೆ ಅದನ್ನು ನಾನ್‌ಯೂನಿಯನ್ ಅನ್ನುತ್ತಾರೆ. ನನ್ನ ಫೈಲ್ ಮೇಲೂ ಆ ಪದ ಬಂತು.

ಆ ದಿನಗಳಲ್ಲಿ ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ಬೇರೆಯವರಿಂದ ತೆಗೆದು ಬೆಳೆಸಿದ ಸ್ಟೆಮ್ ಸೆಲ್, ಅಂದರೆ ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶ, ಸೀಸೆಯಲ್ಲಿ ರೆಡಿ ಇದೆ, ಕೈಗೆ ಡ್ರಿಪ್ ಹಾಕಿದರೆ ಸಾಕು, ಮೂಳೆ ಗ್ಯಾರಂಟಿ ಕೂಡುತ್ತೆ ಎಂದರು. ನನ್ನ ಎಕ್ಸ್‌ರೇಯನ್ನು ಕವರ್‌ನಿಂದ ಹೊರಗೂ ತೆಗೆಯಲಿಲ್ಲ. ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಕೈಗೆ ಹಾಕಿದ್ದು ಕಾಲಿನ ಮೂಳೆಗೇ ಹೋಗುತ್ತೆ ಅಂತ ಹೇಗೆ ಹೇಳ್ತೀರಿ?" ಉತ್ತರ ಬರಲಿಲ್ಲ. ರಕ್ತನಾಳಕ್ಕೆ ಬಿಟ್ಟ ಇಂಥ ಕೋಶಗಳಲ್ಲಿ ಬಹುಪಾಲು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ ಎಂದು ಆಮೇಲೆ ತಿಳಿಯಿತು. ನಡೆಯಲಾಗದೆ ಕಂಗಾಲಾದವರ ಮುಂದೆ ಗ್ಯಾರಂಟಿ ಎಂಬ ಮಾತು ಆಡುವವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ನನಗೆ ಚಿಕಿತ್ಸೆ ಕೊಟ್ಟ ಡಾಕ್ಟರು ಮೊದಲು ಕೇಳಿದ್ದು ಸಿಗರೇಟ್ ಬಗ್ಗೆ. ನಂತರ ಸಕ್ಕರೆ ಕಾಯಿಲೆ. ಸೋಂಕು ಇದೆಯೇ ಎಂದು ನೋಡಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಸೋಂಕು ಇದ್ದರೆ ಯಾವ ಸ್ಟೆಮ್ ಸೆಲ್ಲೂ ಬೇಡ, ಅದನ್ನು ವಾಸಿ ಮಾಡುವುದೇ ಮೊದಲ ಕೆಲಸ ಎಂದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಕೆಲವರಿಗೆ ಮುರಿದ ತುದಿಗಳ ಸುತ್ತ ಹೊಸ ಮೂಳೆ ದಪ್ಪಗೆ ಬೆಳೆದಿರುತ್ತದಂತೆ. ಅಲ್ಲಿ ಜೀವ ಇದೆ, ಅಲುಗಾಟ ಜಾಸ್ತಿ, ಅಷ್ಟೇ. ಗಟ್ಟಿಯಾಗಿ ಹಿಡಿದಿಟ್ಟರೆ ಕೂಡುತ್ತದೆ. ನನ್ನ ಮೂಳೆಯ ತುದಿಗಳು ಬೋಳಾಗಿದ್ದವು. ಪಾದದ ಕಡೆಯ ಆ ಭಾಗಕ್ಕೆ ಮಾಂಸದ ಹೊದಿಕೆ ಕಡಿಮೆ, ರಕ್ತ ಬರುವುದೂ ಕಡಿಮೆ.

"ಸೊಂಟದ ಮೂಳೆ ಕೆತ್ತಿ ತಂದು ಇಲ್ಲಿ ತುಂಬೋದು ಹಳೆಯ, ನಂಬಿಕೆಯ ದಾರಿ. ನಿಮ್ಮ ರಾಡ್ ಗಟ್ಟಿ ಇದೆ, ಮೂಳೆ ನೇರ ಇದೆ, ಸಂದಿ ಸಣ್ಣದು. ಹಾಗಾಗಿ ಮೊದಲು ಸೊಂಟದ ಮೂಳೆಯೊಳಗಿನ ಮಜ್ಜೆ ತೆಗೆದು ಸಂದಿಗೆ ಹಾಕಿ ನೋಡಬಹುದು, ಅದರಲ್ಲಿ ಮೂಳೆ ಕಟ್ಟಬಲ್ಲ ಮೂಲಕೋಶ ಇರುತ್ತೆ. ಆಗಲಿಲ್ಲ ಅಂದ್ರೆ ಆ ದಾರಿ ಇದ್ದೇ ಇದೆ" ಎಂದರು. 2005ರಲ್ಲಿ ಫ್ರಾನ್ಸ್‌ನ ಫಿಲಿಪ್ ಎರ್ನಿಗೂ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯನ್ನೂ ವಿವರಿಸಿದರು. ಇದೇ ಮೂಳೆ ಕೂಡದ 60 ಜನರಿಗೆ ಹೀಗೆ ಮಜ್ಜೆ ಹಾಕಿದಾಗ 53 ಜನರಿಗೆ ಕೂಡಿತ್ತು. ಕೂಡದ 7 ಜನರಿಗೆ ಹೋದ ಮೂಲಕೋಶಗಳು ಉಳಿದವರಿಗಿಂತ ಕಡಿಮೆ ಇದ್ದವು. "ಆದರೆ ಮಜ್ಜೆ ಹಾಕದೆ ಬಿಟ್ಟ ಇನ್ನೊಂದು ಗುಂಪನ್ನು ಅವರು ಜೊತೆಗೆ ಇಟ್ಟು ನೋಡಿರಲಿಲ್ಲ. ಅದೂ ನಿಮಗೆ ಗೊತ್ತಿರಲಿ" ಎಂದು ಸೇರಿಸಿದರು. ನಾನು ಒಪ್ಪಿಕೊಂಡಿದ್ದು ಈ ಕೊನೆಯ ಮಾತು ಕೇಳಿ.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮರಗಟ್ಟಿಸಿದರು. ನನಗೆ ಎಚ್ಚರವಿತ್ತು. ಸೊಂಟದ ಮೂಳೆಯ ಅಂಚಿಗೆ ದಪ್ಪ ಸೂಜಿ ಇಟ್ಟು, ಅಂಗೈಯಿಂದ ಒತ್ತಿ, ಅತ್ತಿತ್ತ ತಿರುಗಿಸುತ್ತಾ ಇಳಿಸಿದರು. ನೋವಿರಲಿಲ್ಲ, ಆದರೆ ಆ ಒತ್ತಡಕ್ಕೆ ಮೈಯೆಲ್ಲ ಅಲುಗುತ್ತಿತ್ತು. ಸಿರಿಂಜ್ ಹಚ್ಚಿ ಪಟ್ಟನೆ ಎಳೆದರು. ಕಡುಗೆಂಪು ಮಜ್ಜೆ, ಅಂಚಿನಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳು ಮಿನುಗುತ್ತಿದ್ದವು. ಒಂದೆರಡು ಎಂಎಲ್ ಬಂದ ಕೂಡಲೇ ನಿಲ್ಲಿಸಿ ಸೂಜಿಯ ಜಾಗ ಬದಲಿಸಿದರು. ಮತ್ತೆ ಅಷ್ಟೇ. ಮತ್ತೆ ಬದಲಾವಣೆ. ಒಂದೇ ಕಡೆ ಎಳೆಯುತ್ತಾ ಹೋದರೆ ಮಜ್ಜೆಯ ಬದಲು ಬರೀ ರಕ್ತ ಬರುತ್ತದಂತೆ. ಮೂಳೆ ಕಟ್ಟಬಲ್ಲ ಮೂಲಕೋಶಗಳು ಮಜ್ಜೆಯಲ್ಲಿ ಮೊದಲೇ ಅಪರೂಪ. ಹತ್ತು ಸಾವಿರದಿಂದ ಲಕ್ಷ ಕೋಶ ಹುಡುಕಿದರೆ ಒಂದು. ಅದಕ್ಕೇ ಇಷ್ಟು ತಾಳ್ಮೆ.

ತೆಗೆದ ಮಜ್ಜೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಬೇಕಾದ ಪದರವನ್ನಷ್ಟೇ ಉಳಿಸಿಕೊಂಡರು. ಬೆಳೆಸುವುದಿಲ್ಲ, ಏನನ್ನೂ ಬೆರೆಸಿ ಬದಲಿಸುವುದಿಲ್ಲ. ಪ್ರಯೋಗಾಲಯದಲ್ಲಿ ಕೋಶಗಳನ್ನು ವಾರಗಟ್ಟಲೆ ಬೆಳೆಸಿ ಹಾಕುವ ವಿಧಾನವೇ ಬೇರೆ. ಜನ ಎರಡನ್ನೂ ಸ್ಟೆಮ್ ಸೆಲ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ, ಜಾಹೀರಾತು ಕೊಡುವವರಿಗೆ ಬೇಕಾಗಿರುವುದೂ ಅದೇ.

ಮಾನಿಟರ್‌ನಲ್ಲಿ ನನ್ನ ಕಾಲು ಕಂಡಿತು. ನಡುವೆ ರಾಡ್, ಪಕ್ಕದಲ್ಲಿ ಕಪ್ಪು ಸಂದಿ. ಸೂಜಿಯ ತುದಿ ಅಲ್ಲಿಗೆ ತಲುಪಿದಾಗ ಡಾಕ್ಟರು ಚಿತ್ರ ನೋಡಿ, ಸ್ವಲ್ಪ ಹಿಂದೆ ಎಳೆದು, ಕೋನ ಬದಲಿಸಿ ಮತ್ತೆ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ನಿಧಾನಕ್ಕೆ ಒತ್ತಿದರು. ಕಾಲನ್ನು ಕೊಯ್ಯಲೇ ಇಲ್ಲ.

ಮರುದಿನ ಕಾಲಿಗಿಂತ ಸೊಂಟವೇ ಜಾಸ್ತಿ ನೋಯುತ್ತಿತ್ತು. ನಂತರದ್ದು ಬರೀ ಕಾಯುವ ಕೆಲಸ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದೆ ನಾನು ಕುಗ್ಗಿಹೋದೆ. ಮುಂದಿನದರಲ್ಲಿ ಒಂದು ಬದಿಗೆ ಮಸುಕಾದ ಬಿಳಿ ಛಾಯೆ ಇತ್ತು. ಇತ್ತೀಚಿನದರಲ್ಲಿ ನಾಲ್ಕು ಬದಿಗಳಲ್ಲಿ ಮೂರು ಕೂಡಿವೆ. ಅಷ್ಟಾದರೆ ಕೂಡಿದಂತೆಯೇ ಎಂದು ಡಾಕ್ಟರು ಊರುಗೋಲು ಬಿಡಿಸಿದರು. ಮಜ್ಜೆಯಿಂದಲೇ ಆಯಿತೇ ಎಂದು ಕೇಳಿದೆ. "ನಿಮ್ಮೊಬ್ಬರನ್ನೇ ನೋಡಿ ಹಾಗೆ ಹೇಳಕ್ಕಾಗಲ್ಲ" ಎಂದು ಫೈಲ್ ತೆರೆದು, ನನ್ನ ಚಿತ್ರಗಳನ್ನು ಅಧ್ಯಯನಕ್ಕೆ ಬಳಸಲು ಅನುಮತಿ ಕೇಳಿದರು. ಸಹಿ ಹಾಕುವ ಮೊದಲು ನಾನೂ ಒಂದು ಕೇಳಿದೆ. ಕೂಡದೇ ಉಳಿದವರ ಚಿತ್ರಗಳನ್ನೂ ಇದರಲ್ಲಿ ಸೇರಿಸುತ್ತೀರಾ? "ಅವರದ್ದೇ ಮೊದಲು" ಎಂದರು. ಸಹಿ ಹಾಕಿದೆ.