ಮಿಯುಕಿ ಮಿಯಾಬೆ ಬರೆಯುವುದು ಪತ್ತೇದಾರಿಯೋ, ಮಾಯಾಲೋಕದ ಕಥೆಯೋ?

ಜಪಾನಿನ ಕಾದಂಬರಿಗಳ ಮಾತು ಬಂದಾಗಲೆಲ್ಲ ನಾನು ಮಿಯುಕಿ ಮಿಯಾಬೆ ಅವರ ಹೆಸರು ಹೇಳುತ್ತೇನೆ. ಕೇಳಿದವರು ಹೋಗಿ ಹುಡುಕಿ ನೋಡುತ್ತಾರೆ, ಗೊಂದಲವಾಗುತ್ತದೆ. ಒಂದು ಪುಸ್ತಕದಲ್ಲಿ ಸಾಲ, ದಿವಾಳಿ, ಕೊಲೆ. ಇನ್ನೊಂದರಲ್ಲಿ ಕತ್ತಿ ಹಿಡಿದ ಹುಡುಗ, ದೇವತೆ, ವರ. ಮತ್ತೊಂದರಲ್ಲಿ ಎದೋ ಪಟ್ಟಣದ, ಅಂದರೆ ಹಳೆಯ ಕಾಲದ ಟೋಕಿಯೋದ, ದೆವ್ವಗಳು. ‘ಇಕೊ’ ಎಂಬ ವಿಡಿಯೋ ಗೇಮಿನ ಕಥೆಯನ್ನೂ ಕಾದಂಬರಿ ಮಾಡಿದ್ದಾರೆ. ಆಮೇಲೆ ತಪ್ಪದೆ ಈ ಪ್ರಶ್ನೆ ಬರುತ್ತದೆ: "ಇವುಗಳಲ್ಲಿ ಇವರ ಅಸಲಿ ಬರವಣಿಗೆ ಯಾವುದು?"

ಎಲ್ಲವೂ ಅಸಲಿಯೇ. ಅವರ ಒಳ್ಳೆಯ ಪುಸ್ತಕಗಳಲ್ಲಿ ಯಾರೋ ಒಬ್ಬರಿಗೆ ತಮ್ಮ ಬದುಕು ಸಾಕಾಗಿರುತ್ತದೆ. ಬೇರೆ ಬದುಕು ಬೇಕು ಎನ್ನಿಸುತ್ತದೆ. ಅದು ಸಿಗಬೇಕಾದರೆ ಬೆಲೆ ತೆರುವವರು ಯಾರು ಎಂಬುದೇ ಮಿಯಾಬೆ ಅವರನ್ನು ಕಾಡುವ ಪ್ರಶ್ನೆ. ಅದನ್ನು ಒಮ್ಮೆ ಪೊಲೀಸನ ಮೂಲಕ ಕೇಳುತ್ತಾರೆ, ಒಮ್ಮೆ ಶಾಲೆಯ ಹುಡುಗನ ಮೂಲಕ.

1992ರಲ್ಲಿ ಬಂದ ‘ಕಾಶಾ’ ನೋಡಿ. ಇಂಗ್ಲಿಷಿನಲ್ಲಿ ಇದರ ಹೆಸರು ‘ಆಲ್ ಶಿ ವಾಸ್ ವರ್ತ್’. ಹೊನ್ಮಾ ಎಂಬ ಪೊಲೀಸ್ ಕಾಲಿಗೆ ಪೆಟ್ಟು ಬಿದ್ದು ರಜೆಯಲ್ಲಿದ್ದಾನೆ. ತೀರಿಕೊಂಡ ಹೆಂಡತಿಯ ಕಡೆಯ ಹುಡುಗನೊಬ್ಬ ಬಂದು, ತಾನು ಮದುವೆಯಾಗಬೇಕಿದ್ದ ಹುಡುಗಿ ಕಾಣೆಯಾಗಿದ್ದಾಳೆ ಎನ್ನುತ್ತಾನೆ. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ, ಅವಳು ಹಿಂದೆ ದಿವಾಳಿಯಾಗಿದ್ದು ಗೊತ್ತಾಗಿದೆ. ಅದನ್ನು ಕೇಳಿದ ಕೂಡಲೇ ಅವಳ ಮುಖ ಬಿಳಚಿಕೊಂಡಿತಂತೆ. ಮಾರನೇ ದಿನದಿಂದ ಆಳೇ ಪತ್ತೆಯಿಲ್ಲ.

ಹೊನ್ಮಾ ಕುಂಟುತ್ತಾ ಆ ದಿವಾಳಿ ಕೇಸು ನಡೆಸಿದ ವಕೀಲರ ಹತ್ತಿರ ಹೋಗಿ ಅವಳ ಫೋಟೋ ತೋರಿಸುತ್ತಾನೆ. ವಕೀಲರು ನೋಡಿ, ನನ್ನ ಕಕ್ಷಿದಾರಳು ಇವಳಲ್ಲ ಎನ್ನುತ್ತಾರೆ. ಹೆಸರು ಅದೇ, ದಾಖಲೆ ಅದೇ, ಮನುಷ್ಯಳು ಬೇರೆ. ಅಲ್ಲಿಗೆ ಕಥೆಯ ನೆಲವೇ ಜಾರುತ್ತದೆ. ಹಾಗಾದರೆ ಇವಳು ಯಾರು? ಆ ಹೆಸರಿನ ನಿಜವಾದ ಹೆಣ್ಣು ಎಲ್ಲಿ?

ಅದೇ ವಕೀಲರು ಸಾಲದ ಬಗ್ಗೆ ಉದ್ದಕ್ಕೆ ಮಾತಾಡುತ್ತಾರೆ. ಸಾಲದಲ್ಲಿ ಮುಳುಗುವವರೆಲ್ಲ ದುಂದುಗಾರರಲ್ಲ, ಎಷ್ಟೋ ಜನ ಅಂಜುಬುರುಕರು, ಪ್ರಾಮಾಣಿಕರು ಎನ್ನುತ್ತಾರೆ. ಮಿಯಾಬೆ ಲೇಖಕಿಯಾಗುವ ಮುಂಚೆ ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದವರು. ಆ ಪುಟಗಳಲ್ಲಿ ಅದು ಕಾಣುತ್ತದೆ. ಮೀಟರ್ ಬಡ್ಡಿಯವರ ಕಾಟ, ಲೋನ್ ಆ್ಯಪ್‌ಗಳ ಬೆದರಿಕೆ ಕೇಳಿ ಗೊತ್ತಿರುವ ನಮಗೆ ಅವನ್ನು ಓದುವಾಗ ಹೊಟ್ಟೆ ತೊಳಸಿದಂತಾಗುತ್ತದೆ.

ಇನ್ನೊಂದು ಸಣ್ಣ ವಿವರ. ಕಾಣೆಯಾದ ಆ ಹೆಣ್ಣು ಒಂದು ಮನೆಯ ಫೋಟೋ ಇಟ್ಟುಕೊಂಡಿದ್ದಾಳೆ. ಮನೆಯ ಹಿಂದೆ ಸ್ಟೇಡಿಯಂನ ದೊಡ್ಡ ದೀಪಗಳು. ಆದರೆ ದೀಪಗಳ ಮುಖ ಮನೆಯ ಕಡೆಗೇ ತಿರುಗಿದೆ. ಆಟದ ಮೈದಾನ ಬಿಟ್ಟು ಮನೆಯೊಂದಕ್ಕೆ ಯಾಕೆ ಬೆಳಕು ಬಿಡುತ್ತಾರೆ? ಉತ್ತರ ಇಲ್ಲಿ ಹೇಳುವುದಿಲ್ಲ. ಅದು ತಿಳಿದಾಗ, ಅವಳು ಆ ಫೋಟೋವನ್ನು ಯಾಕೆ ಜೋಪಾನ ಮಾಡಿದ್ದಳು ಎಂಬುದೂ ಅರ್ಥವಾಗುತ್ತದೆ. ಅವಳು ಮಾಡಿದ್ದನ್ನು ಕ್ಷಮಿಸೋಕೆ ಆಗಲ್ಲ. ಆದರೂ ಅಯ್ಯೋ ಅನ್ನಿಸದೆ ಇರುವುದಿಲ್ಲ.

ಇನ್ನು 2003ರ ‘ಬ್ರೇವ್ ಸ್ಟೋರಿ’. ಮಕ್ಕಳ ಪುಸ್ತಕ ಅಂತ ತುಂಬಾ ಜನ ಪಕ್ಕಕ್ಕಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ವಾತಾರು ಎಂಬ ಹುಡುಗನ ಅಪ್ಪ ಬೇರೆ ಹೆಂಗಸಿಗಾಗಿ ಮನೆ ಬಿಟ್ಟು ಹೋಗುತ್ತಾನೆ. ಅಮ್ಮ ಸಾಯಲು ಹೊರಡುತ್ತಾಳೆ. ಮೊದಲ ಭಾಗವೆಲ್ಲ ಈ ಮನೆಯ ಸಂಕಟವೇ, ಮಾಯಾಲೋಕ ಬರುವುದು ಆಮೇಲೆ. ಅಲ್ಲಿ ರತ್ನಗಳನ್ನು ಹುಡುಕಿ ದೇವತೆಯ ಗೋಪುರ ಮುಟ್ಟಿದರೆ ಒಂದು ವರ ಸಿಗುತ್ತದೆ. ವಾತಾರುಗೆ ತನ್ನ ಮನೆ ಮೊದಲಿನಂತಾಗಬೇಕು. ಅವನ ಜೊತೆಗಾರ ಮಿತ್ಸುರುಗೆ ಸತ್ತ ತಂಗಿ ಬೇಕು. ಮಿತ್ಸುರು ಅದಕ್ಕಾಗಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ತುಳಿಯಲು ತಯಾರು. ‘ಕಾಶಾ’ದ ಹೆಣ್ಣೇ ಇಲ್ಲಿ ಹುಡುಗನಾಗಿ ಬಂದಿದ್ದಾಳೆ ಎಂದು ನನಗೆ ಅನ್ನಿಸಿತು. ಅವಳೂ ಮನೆ ಕಳೆದುಕೊಂಡವಳೇ ಅಲ್ವಾ?

ಎದೋ ಕಾಲದ ಕಥೆಗಳಲ್ಲಿ ಬೇರೆ ಬದುಕಿಗೆ ಓಡುವ ದಾರಿ ಇಲ್ಲ. ‘ಮಿಶಿಮಾಯಾ’ ಸರಣಿಯ ಒಚಿಕಾ ಕಣ್ಣೆದುರಿಗೇ ಕೊಲೆ ಕಂಡು ಕುಗ್ಗಿದ ಹುಡುಗಿ. ಚಿಕ್ಕಪ್ಪನ ಚೀಲದ ಅಂಗಡಿಯಲ್ಲಿ ಆಶ್ರಯ ಪಡೆದಿದ್ದಾಳೆ. ಅಲ್ಲಿನ ಒಂದು ಕೋಣೆಗೆ ಒಬ್ಬೊಬ್ಬರಾಗಿ ಜನ ಬಂದು ತಾವು ಕಂಡ ವಿಚಿತ್ರವನ್ನು ಹೇಳಿಕೊಳ್ಳುತ್ತಾರೆ. ಹೇಳಿದವರು ಹೇಳಿ ಬಿಡಬೇಕು, ಕೇಳಿದವಳು ಕೇಳಿ ಬಿಡಬೇಕು, ಮಾತು ಹೊರಗೆ ಹೋಗಬಾರದು. ಮೊದಲು ಬರುವ ಗಂಡಸು ತೋಟದಲ್ಲಿ ಅರಳಿದ ಕೆಂಪು ಹೂ ನೋಡಿದ್ದೇ ತಡ, ಹೆದರಿ ಕುಸಿಯುತ್ತಾನೆ. ಹೂಗಳ ನಡುವೆ ಅವನಿಗೆ ಕಾಣುವುದು ಸತ್ತ ಅಣ್ಣನ ಮುಖ. ದೆವ್ವಕ್ಕಿಂತ ಅವನ ಮನಸ್ಸಿನಲ್ಲಿರುವ ತಪ್ಪಿನ ಭಾರವೇ ಜಾಸ್ತಿ ಹೆದರಿಸುತ್ತದೆ.

ಮಿಯಾಬೆ ಹುಟ್ಟಿದ್ದು 1960ರಲ್ಲಿ, ಟೋಕಿಯೋದಲ್ಲಿ, ಫುಕಾಗಾವಾ ಎಂಬ ಹಳೆಯ ಬಡಾವಣೆ ಇರುವ ಕೋತೋ ವಾರ್ಡಿನಲ್ಲಿ. ಅವರ ಎಷ್ಟೋ ಎದೋ ಕಥೆಗಳು ನಡೆಯುವುದೂ ಆ ಕಡೆಯ ಬೀದಿಗಳಲ್ಲೇ. ಬರೆಯಲು ಶುರುಮಾಡಿದಾಗಿನಿಂದಲೂ ಅವರು ಒಂದೇ ಬಗೆಗೆ ಅಂಟಿಕೊಂಡಿಲ್ಲ. ಪತ್ತೇದಾರಿಗೂ ಬಹುಮಾನ ಬಂದಿದೆ, ವೈಜ್ಞಾನಿಕ ಕಥೆಗೂ ಬಂದಿದೆ. 1999ರಲ್ಲಿ ‘ರಿಯೂ’ ಕಾದಂಬರಿಗೆ ಜನಪ್ರಿಯ ಸಾಹಿತ್ಯಕ್ಕೆ ಜಪಾನಿನಲ್ಲಿ ಕೊಡುವ ದೊಡ್ಡ ಬಹುಮಾನವಾದ ನವೋಕಿ ಪ್ರಶಸ್ತಿ ಸಿಕ್ಕಿತು. ದುಬಾರಿ ಅಪಾರ್ಟ್‌ಮೆಂಟಿನಲ್ಲಿ ನಾಲ್ವರ ಸಾವು, ಒಂದೇ ಮನೆಯವರು ಎಂದುಕೊಂಡರೆ ಅವರು ಪರಸ್ಪರ ಸಂಬಂಧವೇ ಇಲ್ಲದವರು. ಅಲ್ಲೂ ಹಿಂದಿರುವುದು ತೀರಿಸಲಾಗದ ಮನೆ ಸಾಲ.

ಎಲ್ಲಿಂದ ಶುರು ಮಾಡಬೇಕು ಎಂದರೆ, ‘ಕಾಶಾ’ದಿಂದ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ‘ಬ್ರೇವ್ ಸ್ಟೋರಿ’ ತನ್ನಿ, ಆದರೆ ಮೊದಲು ನೀವು ಓದಿ. ಅಪ್ಪ ಮನೆ ಬಿಡುವ ಭಾಗ ಬಂದಾಗ ಮಕ್ಕಳು ಕೇಳುವ ಪ್ರಶ್ನೆಗೆ ನೀವು ಪಕ್ಕದಲ್ಲಿರಬೇಕು.